ಎರಡು ಕೈಪಿಡಿಗಳ ಎಂಟು ಡೆಸಿಬೆಲ್

1980ರ ದಶಕದಲ್ಲಿ ಚಾಮರಾಜಪೇಟೆಯ ಒಂದು ರಾಮನವಮಿ ಕಛೇರಿಯನ್ನು ಬಾಡಿಗೆ ಟೆಲಿಫೋನ್ ಲೈನಿನ ಮೂಲಕ ಸ್ಟುಡಿಯೋಗೆ ಕಳುಹಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಲೈನಿಗೆ ಎಷ್ಟು ಮಟ್ಟದಲ್ಲಿ ಧ್ವನಿ ಕೊಡಬೇಕೆಂಬುದನ್ನು ಅಮೆರಿಕದ ಒಂದು ಕೈಪಿಡಿಯಲ್ಲೂ ಬ್ರಿಟನ್ನಿನ ಇನ್ನೊಂದರಲ್ಲೂ ನೋಡಿಕೊಂಡೆ. ಎರಡರಲ್ಲೂ +8, ಅಂದರೆ ಒಂದು ಮಿಲಿವ್ಯಾಟಿಗಿಂತ ಎಂಟು ಡೆಸಿಬೆಲ್ ಮೇಲೆ, ಎಂದಿದ್ದುದರಿಂದ ಸಂಶಯಕ್ಕೆ ಎಡೆಯೇ ಇಲ್ಲವೆಂದುಕೊಂಡು, ಧ್ವನಿಮಟ್ಟ ತೋರಿಸುವ ವಿ.ಯು. ಮೀಟರಿನ ಅಟೆನ್ಯುಯೇಟರನ್ನು (ಮುಳ್ಳಿನ ಸೊನ್ನೆ ಎಷ್ಟು ಮಟ್ಟಕ್ಕೆ ಸಮವೆಂದು ಗೊತ್ತುಮಾಡುವ ಗುಂಡಿಯನ್ನು) +8ಕ್ಕೆ ತಿರುಗಿಸಿ, 1000 ಹರ್ಟ್ಸ್‌ನ ಪರೀಕ್ಷಾ ಟೋನ್ ಹಾಕಿ, ಮುಳ್ಳು ಸೊನ್ನೆಗೆ ಬರುವಂತೆ ಮಾಡಿದೆ. 600 ಓಮ್ ಮೇಲೆ ಅದು ಸುಮಾರು 6.3 ಮಿಲಿವ್ಯಾಟ್, ಅಂದರೆ 1.95 ವೋಲ್ಟ್.

ಗಾಯನದ ತಾಲೀಮು ನಿರಾತಂಕವಾಗಿ ನಡೆಯಿತು. ಮೃದಂಗದ ಸರದಿ ಬಂದು ಐದು ನಿಮಿಷವಾಗುವಷ್ಟರಲ್ಲಿ ಎಕ್ಸ್‌ಚೇಂಜಿನ ಟೆಕ್ನಿಷಿಯನ್ ಫೋನ್ ಮಾಡಿ, "ಸಾರ್, ನಿಮ್ಮ ಮೃದಂಗ ಪಕ್ಕದ ಚಂದಾದಾರರ ಕಿವಿಯಲ್ಲೂ ಬಾರಿಸ್ತಾ ಇದೆ" ಎಂದರು. ಒಂದೇ ಕೇಬಲಿನಲ್ಲಿ ಹೋಗುವ ಜೋಡಿ ತಂತಿಗಳ ನಡುವೆ ಇಂಥ ಸೋರಿಕೆಯಾಗದಿರಲೆಂದೇ ಮಟ್ಟಕ್ಕೆ ಮಿತಿ ಇರುವುದು. ಅದನ್ನು ಮೀರಿದವನು ನಾನೇ.

ತಪ್ಪಿದ್ದುದು ಆ ಎಂಟರ ಅರ್ಥದಲ್ಲಿ. 1939ರಲ್ಲಿ ಅಮೆರಿಕದಲ್ಲಿ ಜಾರಿಗೆ ಬಂದ ವಿ.ಯು. ಮೀಟರಿನ ಮುಳ್ಳು ತನ್ನ ಓದಿಗೆ ತಲುಪಲು 300 ಮಿಲಿಸೆಕೆಂಡು ಬೇಕು. ಮೃದಂಗದ ಒಂದು ಏಟು ಅದಕ್ಕಿಂತ ಬಹಳ ಬೇಗ ಮುಗಿದು, ಮುಳ್ಳು ತೋರಿಸಿದ್ದಕ್ಕಿಂತ ಸುಮಾರು 10 ಡೆಸಿಬೆಲ್ ಎತ್ತರಕ್ಕೆ ಹೋಗಿ ಇಳಿದಿರುತ್ತದೆ. ಧ್ವನಿಯ ಶಿಖರಗಳನ್ನೇ ಅಳೆಯುವ ಬ್ರಿಟಿಷರ ಪೀಕ್ ಮೀಟರಾದರೋ 10 ಮಿಲಿಸೆಕೆಂಡಿನ ಏರಿಕೆಯನ್ನೂ ಬಹುಮಟ್ಟಿಗೆ ಹಿಡಿಯುತ್ತದೆ. ಅಲ್ಲಿ ಟೋನ್ ಇಡುವುದು 0 ಡಿಬಿಎಂನಲ್ಲಿ (ಡಿಬಿಎಂ ಎಂದರೆ ಒಂದು ಮಿಲಿವ್ಯಾಟಿಗೆ ಹೋಲಿಸಿದ ಡೆಸಿಬೆಲ್), ಅಂದರೆ ಮೀಟರಿನ 4ರ ಗುರುತಿನಲ್ಲಿ; +8 ಎಂಬುದು 6ರ ಗುರುತು, ಕಾರ್ಯಕ್ರಮದ ಶಿಖರ ಮುಟ್ಟಬಹುದಾದ ಮೇಲಿನ ಅಂಚು. ಒಬ್ಬರ ಎಂಟು ಮುಳ್ಳಿನ ಓದು, ಇನ್ನೊಬ್ಬರದು ಶಿಖರ. ನಾನು ಕಳುಹಿಸುತ್ತಿದ್ದ ಶಿಖರಗಳು +18ರ ಹತ್ತಿರವಿದ್ದವು.

ನಮ್ಮಲ್ಲಿ ಪೀಕ್ ಮೀಟರ್ ಇರಲಿಲ್ಲ. ಆದ್ದರಿಂದ ಅಟೆನ್ಯುಯೇಟರನ್ನು +4ಕ್ಕೆ ಇಳಿಸಿ, ಮೀಟರಿನ ಆಚೆಗೆ, ಲೈನಿಗೆ ಮೊದಲು, ಮಟ್ಟವನ್ನು 4 ಡೆಸಿಬೆಲ್ ತಗ್ಗಿಸುವ 600 ಓಮ್‌ನ ಪ್ಯಾಡ್ ಒಂದನ್ನು ಕೂಡಿಸಿದೆ. ಈಗ ಮುಳ್ಳು ಸೊನ್ನೆಯಲ್ಲಿದ್ದರೆ ಲೈನಿಗೆ ಹೋಗುವುದು 0 ಡಿಬಿಎಂ, ಒಂದೇ ಮಿಲಿವ್ಯಾಟ್. ಮೃದಂಗದ ತನಿ ಆವರ್ತನದಲ್ಲಿ, ಶಿಖರ +8 ಮೀರದಿರಲೆಂದು, ಮುಳ್ಳನ್ನು ಸೊನ್ನೆಗಿಂತ ಎರಡು ಮೂರು ಕೆಳಗೇ ಹಿಡಿದೆ.

ಸ್ಟುಡಿಯೋದಲ್ಲಿ ಇನ್ನೊಂದು ಗೊಂದಲ ಕಾದಿತ್ತು. ಲೈನಿನ ನಷ್ಟ ಕಳೆದು ಬರಬೇಕಾದದ್ದಕ್ಕಿಂತ ಸುಮಾರು 6 ಡೆಸಿಬೆಲ್ ಹೆಚ್ಚು ಬರುತ್ತಿದೆಯೆಂದು ಸಹೋದ್ಯೋಗಿ ತಿಳಿಸಿದರು. ತಂತಿ ಧ್ವನಿಯನ್ನು ಬೆಳೆಸುವುದುಂಟೇ! ಅವರು ಲೈನಿನ ತುದಿಗೆ 600 ಓಮ್ ಹಾಕದೆ, ಹೆಚ್ಚು ಪ್ರತಿರೋಧದ ಮೀಟರನ್ನಷ್ಟೇ ತಾಗಿಸಿದ್ದರು. ಹೊರೆಯಿಲ್ಲದ ತುದಿಯಲ್ಲಿ ವೋಲ್ಟೇಜು ಇಮ್ಮಡಿಯ ಹತ್ತಿರಕ್ಕೆ ಏರುತ್ತದೆ. ಓಮ್ ಹಾಕಿದೊಡನೆ ಲೆಕ್ಕ ಸರಿಹೋಯಿತು. ಮೇಲಿನ ಆವರ್ತನಗಳ ನಷ್ಟವನ್ನು ಈಕ್ವಲೈಸರ್ ಸರಿದೂಗಿಸಿತು. ಅದನ್ನು ಹೊಂದಿಸಲು ಬೇಕಾದ ಮೇಲಿನ ಆವರ್ತನಗಳ ಟೋನನ್ನು ಮಾತ್ರ 10 ಡೆಸಿಬೆಲ್ ತಗ್ಗಿಸಿಯೇ ಕಳುಹಿಸಿದೆ, ಏಕೆಂದರೆ ಆವರ್ತನ ಏರಿದಂತೆ ಸೋರಿಕೆಯೂ ಏರುತ್ತದೆ.

ಕಛೇರಿಯ ರಾತ್ರಿ ಎಕ್ಸ್‌ಚೇಂಜಿನಿಂದ ಫೋನ್ ಬರಲಿಲ್ಲ. ಮರುದಿನ ಪೆಟ್ಟಿಗೆಯ ಮುಚ್ಚಳದ ಒಳಗೆ ಚೀಟಿಯೊಂದನ್ನು ಅಂಟಿಸಿದೆ: "ಟೋನ್ 0 ಡಿಬಿಎಂ, ಪ್ಯಾಡಿನ ಆಚೆ, ತುದಿಯಲ್ಲಿ 600 ಓಮ್, ಮೀಟರ್ ವಿ.ಯು."