ಇಳಿದು ಇಳಿದು ಮಾಚು ಪಿಚುವಿಗೆ: ನನ್ನ ಅನುಭವ

ಪೆರುವಿನಲ್ಲಿ ಸೈಕಲ್, ರಾಫ್ಟಿಂಗ್, ಜಿಪ್‌ಲೈನ್, ನಡಿಗೆ ಎಲ್ಲ ಸೇರಿ ನಾಲ್ಕು ದಿನಕ್ಕೆ ಮಾಚು ಪಿಚು ಎಂಬ ಇಂಕಾ ಕಾಲದ ಪಾಳುಪಟ್ಟಣ ತಲುಪಿಸುವ ಇಂಕಾ ಜಂಗಲ್ ಚಾರಣಕ್ಕೆ ಮೆಟ್ಟಿಲು ಇಳಿಯುವುದನ್ನೇ ಅಭ್ಯಾಸ ಮಾಡುತ್ತೇನೆ ಎಂದಾಗ ನಮ್ಮ ಗುಂಪಿನಲ್ಲಿ ಒಬ್ಬರೂ ಒಪ್ಪಲಿಲ್ಲ. ಓಡು, ಬೆಟ್ಟ ಹತ್ತು, ದಮ್ಮು ಬೆಳೆಸಿಕೋ ಎಂದರು. ಅದನ್ನೆಲ್ಲ ಮಾಡಿಯೇ ನಾನು ಮೊದಲ ಸಲ ಸೋತು ಬಂದಿದ್ದೆ.

ಆ ಸೋಲು ಹೀಗಾಯಿತು. ಕುಸ್ಕೊದಲ್ಲಿ ವಿಮಾನ ಇಳಿದು ಅಲ್ಲಿಯೇ ತಂಗಿದೆ. ಊರು ಇರುವುದು 3,400 ಮೀಟರ್ ಎತ್ತರದಲ್ಲಿ. ಎರಡು ರಾತ್ರಿ ತಲೆ ಸಿಡಿಯಿತು, ತಿಂದದ್ದು ಹೊಟ್ಟೆಯಲ್ಲಿ ನಿಲ್ಲಲಿಲ್ಲ. ಮೂರನೆಯ ದಿನ 4,300 ಮೀಟರ್ ಎತ್ತರದ ಅಬ್ರಾ ಮಾಲಗಾ ಘಟ್ಟದ ನೆತ್ತಿಯಲ್ಲಿ ಸೈಕಲ್ ಏರಿದೆ. ಅಲ್ಲಿಂದ ಸಾಂತಾ ಮರಿಯಾ ಕಡೆಗೆ ಬರೀ ಇಳಿಜಾರು. ಅರ್ಧ ದಾರಿಗೆ ಬೆರಳು ಮರಗಟ್ಟಿ ಬ್ರೇಕಿನ ಹಿಡಿತ ತಪ್ಪಿತು; ರಸ್ತೆಗೆ ಅಡ್ಡ ಹರಿಯುವ ತೊರೆಯಲ್ಲಿ ಜಾರಿ ಬಿದ್ದೆ. ಮರುದಿನ ಕಾಡಿನ ಕಲ್ಲುಮೆಟ್ಟಿಲು ಇಳಿಯುವಷ್ಟರಲ್ಲಿ ಎಡ ಮೊಣಕಾಲು ಊದಿಕೊಂಡಿತು. ವ್ಯಾನ್ ಹತ್ತಿ ಕುಸ್ಕೊಗೆ ಮರಳಿದೆ. ನಾಲ್ಕು ದಿನಕ್ಕೆಂದು ಕಟ್ಟಿದ್ದ ಸುಮಾರು 220 ಡಾಲರ್‌ನಲ್ಲಿ ಒಂದು ಪೈಸೆಯೂ ವಾಪಸ್ ಬರಲಿಲ್ಲ. ಪಾಸ್‌ಪೋರ್ಟಿನ ಹೆಸರಿಗೆ ತೆಗೆಸುವ ಮಾಚು ಪಿಚುವಿನ ಪ್ರವೇಶ ಟಿಕೆಟ್ಟನ್ನು ಬೇರೆಯವರಿಗೆ ಕೊಡಲೂ ಆಗದು. ಪೆರುವಿನ ಹಣದಲ್ಲಿ 150 ಸೊಲ್ ಚಿಲ್ಲರೆ ಅದಕ್ಕೂ ಹೋಯಿತು.

ಎತ್ತರಕ್ಕೆ ಒಗ್ಗಿಸುತ್ತದೆ ಎಂದು ನಂಬಿ ಉಸಿರುಮುಖವಾಡವೊಂದಕ್ಕೂ 60 ಡಾಲರ್ ಸುರಿದಿದ್ದೆ. ಅದು ಉಸಿರೆಳೆಯುವುದನ್ನು ಕಷ್ಟ ಮಾಡುತ್ತದೆ, ಅಷ್ಟೇ. ಘಟ್ಟದ ಮೇಲಿನ ತೆಳುಗಾಳಿ ಅದರಿಂದ ಹುಟ್ಟುವುದಿಲ್ಲ. ಯಾರೂ ಕೊಳ್ಳಬೇಡಿ.

ಎರಡನೆಯ ಸಲಕ್ಕೆ ಹನ್ನೆರಡು ವಾರ ಹಿಡಿಯಿತು. ಹತ್ತು ಅಂತಸ್ತಿನ ಕಟ್ಟಡ. ಮೇಲಕ್ಕೆ ಲಿಫ್ಟ್, ಕೆಳಕ್ಕೆ ಮೆಟ್ಟಿಲು, ಬೆನ್ನಿಗೆ 8 ಕಿಲೋ. ಒಂದು ಮೆಟ್ಟಿಲಿಗೆ ಮೂರು ಎಣಿಕೆ: ಹಿಂದಿನ ಕಾಲಿನ ಮಂಡಿ ಮೆಲ್ಲಗೆ ಮಡಚಬೇಕು, ಮುಂದಿನ ಪಾದದ ಬೆರಳು ಮೊದಲು ತಾಗಬೇಕು, ಹಿಮ್ಮಡಿ ಸದ್ದಿಲ್ಲದೆ ಕೂರಬೇಕು. ಸದ್ದು ಕೇಳಿಸಿದರೆ ಆ ಸುತ್ತು ಲೆಕ್ಕಕ್ಕಿಲ್ಲ. ಮೊದಲ ದಿನ ಆರು ಸುತ್ತು ಹಾಕಿದ್ದಕ್ಕೆ ಮೂರು ದಿನ ತೊಡೆ ಹಿಡಿದುಕೊಂಡಿತ್ತು. ಕೊನೆಯ ವಾರ ಇಪ್ಪತ್ತೈದು ಸುತ್ತು ಹಾಕಿಯೂ ನೆಟ್ಟಗೆ ನಡೆದು ಹೋದೆ.

ಬೆರಳುಗಳಿಗೆ ಬೇರೆಯದೇ ಪ್ರಯೋಗ. ಮಂಜುಗಡ್ಡೆಯ ನೀರಿನಲ್ಲಿ ಎರಡು ನಿಮಿಷ ಕೈ ಅದ್ದಿ, ಒದ್ದೆ ಕೈಗವಸು ತೊಟ್ಟು, ನಿಲ್ಲಿಸಿದ ಸೈಕಲ್ಲಿನ ಬ್ರೇಕನ್ನು ಇನ್ನೂರು ಸಲ ಎಳೆಯುತ್ತಿದ್ದೆ. ಅದರಿಂದಲೇ ಎರಡು ಸಂಗತಿ ತಿಳಿದವು. ಬ್ರೇಕನ್ನು ಹಿಡಿದೇ ಇರುವುದಕ್ಕಿಂತ ಹಿಡಿದು ಬಿಟ್ಟು, ಹಿಡಿದು ಬಿಟ್ಟು ಹೋದರೆ ಬೆರಳು ಎರಡರಷ್ಟು ಹೊತ್ತು ತಾಳುತ್ತದೆ. ದುಬಾರಿ ಕೈಗವಸಿಗಿಂತ ತೆಳು ಉಣ್ಣೆಯ ಗವಸಿನ ಮೇಲೆ ಪಾತ್ರೆ ತೊಳೆಯುವ ರಬ್ಬರ್ ಗವಸು ಹಾಕಿದರೆ ಹೆಚ್ಚು ಬೆಚ್ಚಗಿರುತ್ತದೆ. ಉರುಬಾಂಬಾ ನದಿಯ ರಾಫ್ಟಿಂಗಿಗೆ ರಬ್ಬರ್ ಪಟ್ಟಿ ಎಳೆದದ್ದು ಸಾಕಾಯಿತು. ಜಿಪ್‌ಲೈನಿಗೆ ಏನೂ ಬೇಡ. 

ಈ ಸಲ ಕುಸ್ಕೊದಲ್ಲಿ ಒಂದು ರಾತ್ರಿಯೂ ತಂಗಲಿಲ್ಲ. ವಿಮಾನ ನಿಲ್ದಾಣದಿಂದ ನೇರ ಒಲ್ಲಾಂತಾಯ್ತಾಂಬೊ ಎಂಬ ಊರಿಗೆ ಹೋದೆ. ಅದು 2,800 ಮೀಟರ್. ಮೂರು ರಾತ್ರಿ ಅಲ್ಲಿಯೇ ಮಲಗಿದೆ. ಬೆಳಿಗ್ಗೆ ಪಿಂಕುಯ್‌ಯುನಾ ಗುಡ್ಡದ ಇಂಕಾ ಕಣಜಗಳವರೆಗೆ ಹತ್ತಿ ಇಳಿದೆ. ಅದಕ್ಕೆ ಟಿಕೆಟ್ ಇಲ್ಲ. ಮೊಣಕಾಲಿಗೆ ಅದಕ್ಕಿಂತ ಒಳ್ಳೆಯ ಪರೀಕ್ಷೆಯೂ ಇಲ್ಲ. ಮಾಲಗಾಕ್ಕೆ ಹೋಗುವ ವ್ಯಾನುಗಳು ಈ ಊರಿನ ಮೇಲೆಯೇ ಹಾಯುತ್ತವೆ. ಇಲ್ಲಿಯೇ ಹತ್ತುತ್ತೇನೆಂದಾಗ ಚಾರಣ ನಡೆಸುವವರು ಗೊಣಗಿದರು, ಕೊನೆಗೆ ಒಪ್ಪಿದರು. ಎತ್ತರದ ಬೇನೆ ತಡೆಯಲು ವೈದ್ಯರು ಬರೆದುಕೊಟ್ಟ ಅಸೆಟಾಜೋಲಮೈಡ್ ಮಾತ್ರೆಯನ್ನು ಎರಡೂ ಸಲ ನುಂಗಿದ್ದೆ, ಆದ್ದರಿಂದ ಬದಲಾವಣೆ ಮಾತ್ರೆಯದಲ್ಲ. ಎತ್ತರಕ್ಕೆ ಒಳ್ಳೆಯದೆಂದು ಅಲ್ಲಿ ಕುಡಿಯುವ ಕೋಕಾ ಎಲೆಯ ಚಹಾವನ್ನು ಒಂದು ದಿನ ಕುಡಿದು ಒಂದು ದಿನ ಬಿಟ್ಟು ನೋಡಿದೆ. ಬಾಯಿ ಬೆಚ್ಚಗಾಗುತ್ತದೆ; ಬೇರೆ ವ್ಯತ್ಯಾಸ ನನಗಂತೂ ಕಾಣಲಿಲ್ಲ.

ಮಾಲಗಾದಿಂದ ಕೆಳಗಿನವರೆಗೆ ಒಮ್ಮೆಯೂ ಕಾಲೂರಲಿಲ್ಲ. ಮೂರನೆಯ ದಿನ ಜಲವಿದ್ಯುತ್ ಕೇಂದ್ರದ ಬಳಿಯ ಇದ್ರೋಎಲೆಕ್ತ್ರಿಕಾ ನಿಲ್ದಾಣದಿಂದ ರೈಲುಹಳಿಯ ಪಕ್ಕ ಹತ್ತು ಕಿಲೋಮೀಟರ್ ನಡೆದು, ಮಾಚು ಪಿಚುವಿನ ಬುಡದ ಊರಾದ ಆಗ್ವಾಸ್ ಕಾಲಿಯೆಂತೆಸ್ ಸೇರಿದೆವು. ನಾಲ್ಕನೆಯ ದಿನ ನಸುಕಿನಲ್ಲಿ, ಒಂದು ಕಡೆಗೆ 12 ಡಾಲರ್ ಕೇಳುವ ಬಸ್ಸನ್ನು ಬಿಟ್ಟು, 400 ಮೀಟರ್ ಎತ್ತರವನ್ನು ಕಲ್ಲುಮೆಟ್ಟಿಲಲ್ಲೇ ಏರಿದೆ. ಒಂದು ಗಂಟೆ ಹಿಡಿದಿರಬೇಕು. ಮಂಜು ಸರಿದು ಮಾಚು ಪಿಚುವಿನ ಹಂತಹಂತವಾಗಿ ಕಟ್ಟಿದ ಕಲ್ಲಿನ ಮಜಲುಗಳು ಒಂದೊಂದಾಗಿ ಕಾಣಿಸಿಕೊಂಡಾಗ ಮೊದಲ ಸಲ ಕಳೆದುಕೊಂಡದ್ದು ಏನೆಂದು ತಿಳಿಯಿತು.

ಮಧ್ಯಾಹ್ನ ನನ್ನ ಅರ್ಧ ವಯಸ್ಸಿನ ಇಬ್ಬರು ಮಂಡಿ ನೀವಿಕೊಳ್ಳುತ್ತಾ ಬಸ್ಸಿನ ಸಾಲಿನಲ್ಲಿ ನಿಂತರು. ನಾನು ಅದೇ ಒದ್ದೆ ಮೆಟ್ಟಿಲುಗಳನ್ನು ಮೂರು ಎಣಿಸುತ್ತಾ, ಕೋಲಿಲ್ಲದೆ ಇಳಿದೆ. ಸೇತುವೆಯ ಬಳಿ ಪ್ಯಾಂಟು ಮಡಚಿ ಎಡ ಮೊಣಕಾಲನ್ನು ಒತ್ತಿ ನೋಡಿದೆ, ಊತವಿರಲಿಲ್ಲ. ಮುಂದಿನ ಸಲ ಮಾಚು ಪಿಚುವಿಗೇ ಹೋಗುವ ಇನ್ನೊಂದು ಚಾರಣ, ಸಾಲ್ಕಾಂತಾಯ್ ದಾರಿ. ಅದರ ಘಟ್ಟ 4,600 ಮೀಟರ್ ದಾಟುತ್ತದೆ. ಬೆನ್ನಿನ ಭಾರವನ್ನು ಈಗಾಗಲೇ 11 ಕಿಲೋಗೆ ಏರಿಸಿದ್ದೇನೆ.