ಮೊದಲು ಬೇಕಾದದ್ದು ಬಾಗಿಲ ಹತ್ತಿರ

ಪಣಂಬೂರು ಬಂದರಿನ ದಾರಿಯಲ್ಲಿ ಕಂಟೈನರ್ ಲಾರಿ ಕಂಡರೆ ಈಗಲೂ ನನ್ನ ಕಣ್ಣು ಮೊದಲು ಬಾಗಿಲಿನ ಸೀಲ್ ಹುಡುಕುತ್ತದೆ. ಸೇನೆಯಲ್ಲಿದ್ದೆ ಅಂದ ಕೂಡಲೇ ಸುರತ್ಕಲ್‌ನ ನಮ್ಮ ಕೇರಿಯ ಹುಡುಗರು ಬಂದೂಕಿನ ಕಥೆ ಕೇಳುತ್ತಾರೆ. ನಾನು ಜಾಸ್ತಿ ಹಿಡಿದದ್ದು ಬಣ್ಣದ ಬ್ರಷ್ಷು, ಪ್ಯಾಕಿಂಗ್ ಲಿಸ್ಟು.

ನಮ್ಮ ಪಲ್ಟನ್ ವಿಶ್ವಸಂಸ್ಥೆಯ ಶಾಂತಿಪಾಲನೆಗೆಂದು ದಕ್ಷಿಣ ಸುಡಾನ್‌ಗೆ ಹೊರಟಾಗ ನಾನು ಸ್ಟೋರಿನ ಹವಾಲ್ದಾರ್. ನಾವೆಲ್ಲ ವಿಮಾನದಲ್ಲಿ. ಸಾಮಾನು ಮಾತ್ರ ಮುಂಬೈಯಿಂದ ಹಡಗಿನಲ್ಲಿ ಕೀನ್ಯಾದ ಮೊಂಬಾಸಕ್ಕೆ, ಅಲ್ಲಿಂದ ಉಗಾಂಡಾ ದಾಟಿ ಲಾರಿಯಲ್ಲಿ ದಕ್ಷಿಣ ಸುಡಾನ್‌ನ ರಾಜಧಾನಿ ಜೂಬಾಕ್ಕೆ. ಜೀಪಿನಿಂದ ಹಿಡಿದು ಸಾರಿನ ಸೌಟಿನವರೆಗೆ ನಾವೇ ಒಯ್ಯಬೇಕು. ಅದಕ್ಕೆ ವಿಶ್ವಸಂಸ್ಥೆ ಬಾಡಿಗೆಯ ಹಾಗೆ ನಮ್ಮ ಸರಕಾರಕ್ಕೆ ಹಣ ಕೊಡುತ್ತದೆ. ಸುಮ್ನೆ ಕೊಡುವುದಿಲ್ಲ. ತಲುಪಿದ ಮೇಲೆ ಅವರ ಜನ ಬಂದು ಒಂದೊಂದನ್ನೂ ಎಣಿಸುತ್ತಾರೆ, ಗಾಡಿ ಓಡಿಸಿ ನೋಡುತ್ತಾರೆ.

ಮೊದಲ ಕೆಲಸ ಬಣ್ಣ. ಹಸಿರು ಗಾಡಿಗಳೆಲ್ಲ ಬಿಳಿಯಾಗಬೇಕು, ಮೇಲೆ ಕಪ್ಪಿನಲ್ಲಿ 'ಯುಎನ್'. ಹುಡುಗರು ತುಕ್ಕಿನ ಮೇಲೆಯೇ ಬಳಿಯಲು ಹೊರಟಿದ್ದರು. ತಡೆದು ಕೆರೆಸಿದೆ. ಸಮುದ್ರದ ಬದಿಯಲ್ಲಿ ಮನೆ ಗೇಟಿಗೆ ಬಣ್ಣ ಹೊಡೆದವನಿಗೆ ಗೊತ್ತು, ತುಕ್ಕು ಒಂದೇ ಮಳೆಗೆ ಗುಳ್ಳೆ ಎಬ್ಬಿಸುತ್ತದೆ. ಆಮೇಲೆ ತೊಳೆಯುವುದು. ಚಕ್ರದ ಸಂದಿಯಲ್ಲಿ ಮಣ್ಣು, ಹುಲ್ಲಿನ ಬೀಜ ಉಳಿಯಬಾರದು. ಮರದ ಪೆಟ್ಟಿಗೆಗೂ ನಿಯಮವಿದೆ: ತಿರುಳಿನವರೆಗೆ 56 ಡಿಗ್ರಿಯಲ್ಲಿ 30 ನಿಮಿಷ ಕಾಯಿಸಿಯೋ ಬೇರೆ ಒಪ್ಪಿತ ರೀತಿಯಲ್ಲೋ ಹುಳ ಕೊಂದ ಹಲಗೆಯೇ ಆಗಬೇಕು, ಅದರ ಮೇಲೆ ಮುದ್ರೆ ಇರಬೇಕು. ಮರ ಕೊರೆಯುವ ಹುಳ ದೇಶ ದಾಟದಿರಲಿ ಎಂದು.

ಕಂಟೈನರ್ ಒಳಗಿನ ತೇವದ ಬಗ್ಗೆ ನಾನು ಸ್ವಲ್ಪ ಜಾಸ್ತಿಯೇ ಹಟ ಮಾಡಿದೆ. ಕಬ್ಬಿಣದ ಡಬ್ಬಿ ಹಗಲು ಕಾದು ರಾತ್ರಿ ತಣಿದರೆ ಛಾವಣಿ ಬೆವರುತ್ತದೆ, ಹನಿ ಸಾಮಾನಿನ ಮೇಲೆ ಬೀಳುತ್ತದೆ. ಮಳೆಗಾಲದಲ್ಲಿ ಅಡಿಕೆ ಚೀಲಕ್ಕೆ ಬೂಸ್ಟು ಬಂದದ್ದನ್ನು ನೋಡಿ ಬೆಳೆದವನು ನಾನು. ರೇಡಿಯೊ ಸೆಟ್ಟುಗಳನ್ನು ಪ್ಲಾಸ್ಟಿಕ್‌ನಲ್ಲಿ ಸುತ್ತಿ, ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಇಟ್ಟೆವು. "ಇಷ್ಟೆಲ್ಲ ಯಾಕಪ್ಪ?" ಎಂದು ಸುಬೇದಾರ್ ಸಾಹೇಬರು ನಕ್ಕರು. ನಗಲಿ.

ಇಷ್ಟು ಮಾಡಿಯೂ ಒಂದು ಕಡೆ ಎಡವಿದೆ. ನೀರು ಶುದ್ಧ ಮಾಡುವ ಯಂತ್ರ ಒಂದು ಕಂಟೈನರ್‌ಗೆ ಹೋಯಿತು. ಅದರ ಪೈಪು, ಕ್ಲ್ಯಾಂಪು ಇನ್ನೊಂದಕ್ಕೆ. ಜಾಗ ಉಳಿದಿತ್ತು, ತುರುಕಿದೆ. ಲಿಸ್ಟಿನಲ್ಲಿ ಎರಡೂ ಸರಿಯಾಗಿಯೇ ಇದ್ದವು. ಆದರೆ ಜೂಬಾಕ್ಕೆ ಯಂತ್ರ ಮೊದಲು ಬಂತು, ಪೈಪು ಒಂಬತ್ತು ದಿನ ತಡವಾಗಿ. ಬಂದ ಕಂಟೈನರ್‌ನಲ್ಲೂ ಅದು ಹಿಂಗೋಡೆಗೆ ಒತ್ತಿಕೊಂಡಿತ್ತು. 40 ಡಿಗ್ರಿ ಬಿಸಿಲಲ್ಲಿ ಡೇರೆ, ಕಬ್ಬಿಣದ ಮಂಚ, ಟಯರು ಎಲ್ಲ ಹೊರಗೆ ಎಳೆದು ಹಾಕಿದ ಮೇಲೆ ಕೈಗೆ ಸಿಕ್ಕಿತು. ಅಷ್ಟು ದಿನ ಬೇರೆ ದೇಶದ ತುಕಡಿಯ ಟ್ಯಾಂಕರ್ ನೀರಿಗೆ ಕ್ಯಾನ್ ಹಿಡಿದು ನಿಂತೆವು.

ವಾಪಸು ಬರುವಾಗ ಬೇರೆ ಕ್ರಮ ಹಿಡಿದೆ. ಜೊತೆಗೆ ಕೆಲಸ ಮಾಡುವ ಸಾಮಾನು ಜೊತೆಗೇ. ಇಳಿದ ದಿನವೇ ಬೇಕಾದದ್ದು ಎಲ್ಲಕ್ಕಿಂತ ಕೊನೆಗೆ, ಬಾಗಿಲ ಹತ್ತಿರ. ಲಿಸ್ಟಿನ ಒಂದು ಪ್ರತಿ ಬಾಗಿಲ ಒಳಬದಿಗೆ, ಇನ್ನೊಂದು ನನ್ನ ಜೇಬಿನಲ್ಲಿ.

ಹೋದ ವರ್ಷ ತಮ್ಮ ಉಡುಪಿಗೆ ಮನೆ ಬದಲಿಸಿದಾಗ ಲಾರಿ ತುಂಬಿಸಿದ್ದು ನಾನೇ. ಕೊನೆಗೆ ಹತ್ತಿಸಿದ್ದು ಗ್ಯಾಸ್ ಸ್ಟೌ, ಅದರ ಪೈಪು, ರೆಗ್ಯುಲೇಟರು, ಚಹಾದ ಪಾತ್ರೆ. "ಭಾವ, ಸಕ್ಕರೆ ಎಲ್ಲಿ?" ಅಂದಳು ತಮ್ಮನ ಹೆಂಡತಿ. ಅದು ಮಾತ್ರ ಲಾರಿಯ ತಳದಲ್ಲಿತ್ತು.