ಅಪ್‌ಡೇಟ್‌ಗೆ ಇಪ್ಪತ್ತು ನಿಮಿಷ

2002ರಿಂದ ನಡೆಯುತ್ತಿರುವ ನೇಷನ್‌ಸ್ಟೇಟ್ಸ್ ಎಂಬ ಆನ್‌ಲೈನ್ ಆಟದಲ್ಲಿ ಆಡುವವರಿಗೆ ಒಂದೊಂದು ದೇಶ. ಅಂಥ ದೇಶಗಳ ಗುಂಪೇ ರೀಜನ್. ನಮ್ಮ ರೀಜನ್‌ಗೆ ಸಂವಿಧಾನ, ಹಕ್ಕುಗಳ ಪಟ್ಟಿ, ನ್ಯಾಯಾಲಯ ಎಲ್ಲವೂ ಇದ್ದವು. ಆದರೆ ಆಟದ ಯಂತ್ರಕ್ಕೆ ಇದ್ಯಾವುದೂ ಗೊತ್ತಿಲ್ಲ. ದಿನಕ್ಕೆರಡು ಸಲ, ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ ಮತ್ತು ರಾತ್ರಿ ಹತ್ತರ ಆಸುಪಾಸು, ಆಟದ ಲೆಕ್ಕವೆಲ್ಲ ಹೊಸದಾಗುವ ಅಪ್‌ಡೇಟ್ ನಡೆಯುತ್ತದೆ. ಆ ಹೊತ್ತಿಗೆ ಯಾರಿಗೆ ಹೆಚ್ಚು ಎಂಡೋರ್ಸ್‌ಮೆಂಟ್ (ರೀಜನ್‌ನ ಬೇರೆ ದೇಶಗಳು ಕೊಡುವ ಬೆಂಬಲ) ಇದೆಯೋ ಅವರೇ ಡೆಲಿಗೇಟ್, ಅಂದರೆ ರೀಜನ್‌ನ ಚುಕ್ಕಾಣಿ ಹಿಡಿಯುವವರು. ಸದಸ್ಯರನ್ನು ಹೊರಹಾಕುವ ಬಟನ್ ಅವರ ಕೈಗೆ ಬರುತ್ತದೆ. ಚುನಾವಣೆಗೆ ನಿಲ್ಲದೆಯೇ ಸರ್ಕಾರ ಕಬಳಿಸಬಹುದು.

ನಾನು ರೀಜನ್‌ನ ಭದ್ರತಾ ಸಮಿತಿಗೆ ಸೇರಿದ ಹೊಸದರಲ್ಲಿ ಒಬ್ಬ ಸದಸ್ಯನ ಎಂಡೋರ್ಸ್‌ಮೆಂಟ್ ಎಣಿಕೆ ಎರಡೇ ವಾರದಲ್ಲಿ 40ರಿಂದ 118ಕ್ಕೆ ಏರಿತು. ನಮ್ಮ ಕಾನೂನಿನಲ್ಲಿ ಸದಸ್ಯರಿಗಿದ್ದ ಮಿತಿ 100, ಡೆಲಿಗೇಟ್‌ಗೆ ಇದ್ದದ್ದು 140. ಟೆಲಿಗ್ರಾಂ (ಆಟದೊಳಗಿನ ಸಂದೇಶ) ಕಳಿಸಿದರೆ ಉತ್ತರವಿಲ್ಲ. ಐಪಿ ವಿಳಾಸ ನೋಡಿದರೆ ಇನ್ನೊಬ್ಬ ಸದಸ್ಯನದೂ ಅದೇ. ಒಬ್ಬನೇ ಎರಡು ವೇಷ ಹಾಕಿದ್ದಾನೆಂದು ತೀರ್ಮಾನಿಸಿ, ರಾತ್ರಿ ಅಪ್‌ಡೇಟ್‌ಗೆ ಇಪ್ಪತ್ತು ನಿಮಿಷವಿರುವಾಗ "ಹೊರಹಾಕಿ" ಎಂದು ಬರೆದವನು ನಾನೇ.

ಮೂರನೇ ದಿನ ಅವನ ಉತ್ತರ ಬಂತು. ಎಲ್ಲರಿಗೂ ಎಂಡೋರ್ಸ್‌ಮೆಂಟ್ ಕೊಟ್ಟು ಪರೀಕ್ಷೆಗೆ ಓದಲು ಹೋಗಿದ್ದನಂತೆ. ಅವರೆಲ್ಲ ಒಬ್ಬೊಬ್ಬರಾಗಿ ತಿರುಗಿ ಕೊಟ್ಟಿದ್ದರು. ಇನ್ನೊಬ್ಬ ಅವನ ರೂಮ್‌ಮೇಟ್. ಇಬ್ಬರದೂ ಒಂದೇ ಹಾಸ್ಟೆಲ್ ವೈಫೈ. ಅಂದೇ ನಿಷೇಧ ತೆಗೆದೆವು. ಆದರೆ ರೀಜನ್ ಬಿಟ್ಟ ಕ್ಷಣವೇ ಎಂಡೋರ್ಸ್‌ಮೆಂಟ್ ಎಲ್ಲ ಅಳಿಸಿಹೋಗುತ್ತವೆ. ನಾವು ಕ್ಷಮೆ ಕೇಳಿದ್ದರಿಂದ ಆ 118 ವಾಪಸ್ ಬರಲಿಲ್ಲ. ತಿಂಗಳೊಳಗೆ ಅವನು ಆಟವನ್ನೇ ಬಿಟ್ಟ. ಅದು ನನಗೆ ಇವತ್ತಿಗೂ ಚುಚ್ಚುತ್ತದೆ.

ಆಮೇಲೆ ಹೊರಹಾಕುವುದರ ಬಗ್ಗೆ ಹೊಸ ನಿಯಮದ ಕರಡು ಬರೆಯಲು ಕೂತಾಗ ಭಾರತದ ಸಂವಿಧಾನದ 22ನೇ ವಿಧಿ ತೆರೆದಿಟ್ಟುಕೊಂಡೆ. ಮುನ್ನೆಚ್ಚರಿಕೆಯ ಬಂಧನಕ್ಕೊಳಗಾದವರಿಗೂ ಕಾರಣ ತಿಳಿಸಬೇಕು, ಅಹವಾಲಿಗೆ ಅವಕಾಶ ಕೊಡಬೇಕು ಎನ್ನುತ್ತದೆ ಅದರ 5ನೇ ಉಪವಿಧಿ. ಅದನ್ನು ಹಾಗೇ ತೆಗೆದುಕೊಂಡೆ. ಸಾರ್ವಜನಿಕ ಹಿತಕ್ಕೆ ಧಕ್ಕೆಯಾಗುವ ಸಂಗತಿ ಬಹಿರಂಗಪಡಿಸಬೇಕಿಲ್ಲ ಎಂಬ 6ನೆಯದನ್ನು ಮಾತ್ರ ಬಿಗಿ ಮಾಡಿದೆ: ಸುಳಿವು ಕೊಟ್ಟವರ ಹೆಸರನ್ನು ಆರೋಪಿಗೆ ಹೇಳದಿದ್ದರೂ ನ್ಯಾಯಾಧೀಶರಿಗೆ ತೋರಿಸಲೇಬೇಕು. ಐಪಿ ಹೊಂದಿಕೆಯೊಂದೇ ಸಾಕ್ಷಿಯಲ್ಲ ಎಂದೂ ಸೇರಿಸಿದೆ.

"ವಿಚಾರಣೆ ಮುಗಿಯುವಷ್ಟರಲ್ಲಿ ರೀಜನ್ ನಮ್ಮ ಕೈತಪ್ಪಿರುತ್ತದೆ" ಎಂದು ಹಿರಿಯ ಸದಸ್ಯರೊಬ್ಬರು ಸಿಟ್ಟಾದರು. ಅವರ ಭಯ ಸುಳ್ಳಲ್ಲ. ಮರುವರ್ಷ ನಿಜವಾಗಿಯೂ ಒಬ್ಬ ಸಂಚು ಹೂಡಿ ಡೆಲಿಗೇಟ್‌ಗಿಂತ ಒಂಬತ್ತೇ ಹಿಂದಿದ್ದ. ನೋಟಿಸ್ ಕೊಟ್ಟೆವು, ಹೊರಹಾಕಲಿಲ್ಲ. ಬದಲಿಗೆ ಆ ರಾತ್ರಿ ಅರವತ್ತು ಜನರಿಗೆ ಒಬ್ಬೊಬ್ಬರಿಗೂ ಬೇರೆ ಬೇರೆ ಟೆಲಿಗ್ರಾಂ ಬರೆದೆ: ಡೆಲಿಗೇಟ್‌ಗೆ ಎಂಡೋರ್ಸ್‌ಮೆಂಟ್ ಕೊಡಿ, ಅವನಿಗೆ ಕೊಟ್ಟದ್ದನ್ನು ಹಿಂತೆಗೆದುಕೊಳ್ಳಿ. ಬೆಳಗಿನ ಅಪ್‌ಡೇಟ್ ಹೊತ್ತಿಗೆ ಅಂತರ 31 ಆಗಿತ್ತು. ವಿಚಾರಣೆಗೆ ಬೇಕಾದ ನಾಲ್ಕು ದಿನ ಸಿಕ್ಕವು; ಅವನ ವಾದವನ್ನು ಪೂರ್ತಿ ಕೇಳಿದ ಮೇಲೆಯೇ ತೀರ್ಪು ಬಂತು.

ಈಗಲೂ ಪ್ರತಿ ಭಾನುವಾರ ನಾನು ಮೊದಲು ನೋಡುವುದು ಆ ಅಂತರವನ್ನು. ಮೂವತ್ತಕ್ಕಿಂತ ಕಡಿಮೆಯಾದರೆ ಟೆಲಿಗ್ರಾಂ ಬರೆಯಲು ಕೂರುತ್ತೇನೆ.